ನಡುವಿನ ಹೆಸರು

ಗಡಹಿಂಗ್ಲಜ
18 ನವೆಂಬರ್ 2024

ಚಿ. ಪ್ರಥಮೇಶನಿಗೆ ಅಲ್ಲಪ್ಪ ಕಾಕಾನ ಆಶೀರ್ವಾದ.

ಕೊಲ್ಹಾಪುರದ ಕಲೆಕ್ಟರ್ ಸಾಹೇಬರಿಗೆ ಮರಾಠಿಯಲ್ಲಿ ಯಾವುದಾದರೂ ಶಬ್ದ ಸಿಗದೆ ಹೋದರೆ ಅವರ ಗಾಡಿ ಬಂದು ನಿಲ್ಲುವುದು ನನ್ನ ಖಾರ ಕುಟ್ಟುವ ಗಿರಣಿಯ ಮುಂದೆ. ಇದು ಜಿಲ್ಲೆಗೆಲ್ಲ ಗೊತ್ತಿದ್ದ ಮಾತು. ಹೋದ ತಿಂಗಳು ಎರಡು ಸಲ ಬಂದಿತ್ತು. ಗಿರಾಕಿಗಳನ್ನು ಬಿಟ್ಟು ಬರಲಾಗದು ಎಂದು ಬಾಗಿಲಲ್ಲೇ ನಿಂತು ಶಬ್ದ ಹೇಳಿ ಕಳಿಸಿದೆ. ಇಂಥ ಮನುಷ್ಯನ ಫೋನನ್ನು ನೀನು ಹನ್ನೊಂದು ದಿನದಿಂದ ಎತ್ತುತ್ತಿಲ್ಲ. ಬ್ಲಾಕ್ ಮಾಡಿದ್ದೀ ಎಂದು ಮೊಬೈಲ್ ಅಂಗಡಿಯವ ಹೇಳಿದ. ಅಂಚೆಯವನನ್ನು ಬ್ಲಾಕ್ ಮಾಡುವ ಗುಂಡಿ ಇನ್ನೂ ಬಂದಿಲ್ಲ. ಅದಕ್ಕೆ ಈ ಪತ್ರ.

ನಡೆದದ್ದನ್ನು ಕಾಗದದ ಮೇಲೆ ಸರಿಯಾಗಿ ಇಡುತ್ತೇನೆ, ನಾಳೆ ಯಾರೂ ತಿರುಚಬಾರದು. ಆಗಸ್ಟಿನಲ್ಲಿ ಮೋನಾಲಿ ಕಾಮಾಲೆಯಾಗಿ ತೀರಿಕೊಂಡಳು. ಅವಳ ತಾಯಿ ಪಾರುಬಾಯಿ, 'ಹದಿನೈದು ದಿನ ಇರ್ಲಿ' ಎಂದು ನಿಮ್ಮಿಬ್ಬರ ಮಗಳು ಪ್ರಾಜಕ್ತಾಳನ್ನು ದತ್ತವಾಡಕ್ಕೆ ಕರಕೊಂಡು ಹೋದವಳು ತಿರುಗಿ ಕೊಡಲಿಲ್ಲ. ನೀನು ವಕೀಲರಿಂದ ನೋಟಿಸು ಕೊಡಿಸಿದೆ. ಆ ಕಡೆಯಿಂದ ಉತ್ತರದ ಜೊತೆ ಹುಡುಗಿಯ ಜನನ ದಾಖಲೆಯ ಝೆರಾಕ್ಸು ಬಂತು. ಅದರಲ್ಲಿ ತಂದೆಯ ಹೆಸರು ಅಲ್ಲಪ್ಪ ಬಸಲಿಂಗ ಚೌಗುಲೆ. ಅಂದರೆ ನಾನು. ಮೋನಾಲಿಯ ಜೊತೆ ನಿನ್ನ ಲಗ್ನವಾದ ಕಾಗದವಿಲ್ಲ, ಹುಡುಗಿಯ ತಂದೆ ಎಂಬ ಕಾಗದವೂ ಇಲ್ಲ, ಈ ಪ್ರಥಮೇಶ ಯಾರು ಎಂದು ಅವರು ಕೇಳಿದ್ದಾರೆ.

ಇದು ಹೇಗಾಯಿತೆಂದರೆ, 2020ರ ಏಪ್ರಿಲ್ ನೆನಪು ಮಾಡಿಕೋ. ಲಾಕ್‌ಡೌನು. ಮೋನಾಲಿ ಬಾಣಂತನಕ್ಕೆ ನಿನ್ನ ಕಾಕುನ ಹತ್ತಿರ ಇಲ್ಲಿಗೆ ಬಂದಿದ್ದಳು, ನೀನು ಕಬನೂರಿನಲ್ಲಿ ಸಿಕ್ಕಿಬಿದ್ದಿದ್ದೆ. ಹೆಸರು ಬರೆಸಲು ನಾನು ಹೋದೆ. ಕಿಟಕಿಯಲ್ಲಿದ್ದವನು, 'ಬಾಳಾಚ್ಯಾ ವಡಿಲಾಂಚ ನಾವ?' ಎಂದು ಕೇಳಿದ, ಕೂಸಿನ ವಡೀಲರ ಹೆಸರೇನು ಎಂದು. ನಮ್ಮಲ್ಲಿ ವಡೀಲ ಎಂದರೆ ಮನೆಯ ಹಿರಿಯ. ಮರಾಠಿಯವರು ಅದೇ ಶಬ್ದವನ್ನು ಅಪ್ಪನಿಗೂ ಹಚ್ಚುತ್ತಾರೆ. ಮನೆಯ ಹಿರಿಯ ಯಾರು? ನಾನು. ಹೇಳಿದೆ, ಅವನು ಬರೆದ. ಇದು ಭಾಷೆಯ ತಪ್ಪು, ನನ್ನದಲ್ಲ.

ನಿನ್ನ ಕಾಕು ಗೌರವ್ವ ಆ ಝೆರಾಕ್ಸು ನೋಡಿ, "ಐವತ್ತೆಂಟಕ್ಕ ಅಪ್ಪ ಆಗೀರಿ, ಪೇಢೆ ಹಂಚ್ರಿ," ಎಂದಳು. 

ನೀನು ಸಿಟ್ಟಾಗಬೇಕಾದದ್ದು ಪಾರುಬಾಯಿಯ ಮೇಲೆ. ನಲವತ್ತು ದಿನ ಕೂಸಿಗೆ ಎಣ್ಣೆ ಹಚ್ಚಿ ಎರೆದವಳು ನಿನ್ನ ಕಾಕು, ತೊಟ್ಟಿಲಿಗೆ ಹಗ್ಗ ಕಟ್ಟಿದವ ನಾನು. ಈಗ ಹುಡುಗಿ ಅವಳ ಮಗ್ಗುಲಲ್ಲಿ ಮಲಗಿ ಅವಳ ಕಥೆ ಕೇಳುತ್ತಾಳೆ. ಅವಳಿಗೆ ಎಷ್ಟು ಕಥೆ ಗೊತ್ತಿದ್ದೀತು?

ಫೋನು ಎತ್ತು.

ನಿನ್ನ ಕಾಕಾ,
ಅಲ್ಲಪ್ಪ


ಕಬನೂರ, ಇಚಲಕರಂಜಿ
2 ಡಿಸೆಂಬರ್ 2024

ತೀರ್ಥರೂಪ ಸಮಾನ ಅಲ್ಲಪ್ಪ ಕಾಕಾ ಅವರಿಗೆ ಪ್ರಥಮೇಶನ ನಮಸ್ಕಾರ.

ನಿಮ್ಮ ಪತ್ರ ತಲುಪಿತು. ಊಟದ ಸೂಟಿಯಲ್ಲಿ ಮಗ್ಗಗಳ ಪಕ್ಕದಲ್ಲೇ ಕೂತು ಬರೆಯುತ್ತಿದ್ದೇನೆ.

ನಾಲ್ಕು ವರ್ಷದಲ್ಲಿ ಆ ದಾಖಲೆಯನ್ನು ನಿಮ್ಮ ಹತ್ತಿರ ಎಷ್ಟು ಸಲ ಕೇಳಿದೆ? ಪ್ರತಿ ಸಲ 'ಟ್ರಂಕಿನಾಗ ಭದ್ರ ಐತಿ' ಎಂದಿರಿ. ಪಾರುಬಾಯಿ ಅಂಗನವಾಡಿಗೆ ಹಾಕಲು ಕಚೇರಿಯಿಂದ ನಕಲು ತೆಗೆಸದೆ ಇದ್ದರೆ ನನಗೆ ಇನ್ನೂ ಗೊತ್ತಾಗುತ್ತಿರಲಿಲ್ಲ.

ಅದಿರಲಿ. ನನ್ನ ವಕೀಲೆ ಉಜ್ವಲಾತಾಯಿ ಹೇಳಿದ್ದನ್ನು ಬರೆಯುತ್ತೇನೆ. ಲಗ್ನವಿಲ್ಲದೆ ಹುಟ್ಟಿದ ಮಗುವಿನ ಹಕ್ಕು ತಾಯಿ ಇರುವ ತನಕ ತಾಯಿಯದು, ಅವಳ ಬಳಿಕ ತಂದೆಯದು. ಆದರೆ ತಂದೆ ಯಾರು ಎಂಬುದನ್ನು ಮೊದಲು ಸಿದ್ಧಮಾಡಬೇಕು. ಅದಕ್ಕೆ ಕೋರ್ಟಿನ ಅಪ್ಪಣೆ ಪಡೆದು ನನ್ನದೂ ಪ್ರಾಜಕ್ತಾಳದೂ ರಕ್ತ ಕೊಟ್ಟು ಡಿಎನ್‌ಎ ತಪಾಸಣೆ ಮಾಡಿಸಬೇಕು. ಅದಕ್ಕಿಂತ ಮೊದಲು ನೀವು ಒಂದು ಪ್ರತಿಜ್ಞಾಪತ್ರಕ್ಕೆ ಸಹಿ ಹಾಕಬೇಕು: 'ನಾನು ಕನ್ನಡ ಶಾಲೆಯಲ್ಲಿ ಏಳನೆಯ ತನಕ ಕಲಿತವನು, ಮರಾಠಿ ಸರಿಯಾಗಿ ತಿಳಿಯದ ಕಾರಣ ತಂದೆಯ ಹೆಸರಿನ ಜಾಗದಲ್ಲಿ ನನ್ನ ಹೆಸರು ಹೇಳಿದೆ.' ಇಷ್ಟೇ. 16ನೇ ತಾರೀಖು ಹನ್ನೊಂದಕ್ಕೆ ಕೊಲ್ಹಾಪುರಕ್ಕೆ ಬನ್ನಿ.

ಹೋದ ರವಿವಾರ ದತ್ತವಾಡಕ್ಕೆ ಹೋಗಿದ್ದೆ. ಬಾಗಿಲು ತೆಗೆಯಲಿಲ್ಲ. ಹೊರಗೆ ಅವಳ ಚಪ್ಪಲಿಗಳಿದ್ದವು, ಹೋದ ವರ್ಷ ದೀಪಾವಳಿಗೆ ನಾನು ಕೊಡಿಸಿದವು. ಬೆರಳು ಹಿಡಿಸಲೆಂದು ಮುಂದಿನ ತುದಿ ಕತ್ತರಿಸಿದ್ದಾರೆ. ನಾನು ಒಯ್ದ ಹೊಸ ಜೋಡಿಯನ್ನು ಕಟ್ಟೆಯ ಮೇಲೆ ಇಟ್ಟು ಬಂದೆ. ತೆಗೆದುಕೊಂಡರೋ ಇಲ್ಲವೋ.

ಬರದೆ ಇರಬೇಡಿ.

ಪ್ರಥಮೇಶ


ಗಡಹಿಂಗ್ಲಜ
6 ಜನವರಿ 2025

ಚಿ. ಪ್ರಥಮೇಶನಿಗೆ ಆಶೀರ್ವಾದ.

16ಕ್ಕೆ ಬರಲಿಲ್ಲ, ಒಪ್ಪಿದೆ. ಇದು ಮೆಣಸಿನಕಾಯಿಯ ಸುಗ್ಗಿ, ಹೆಂಗಸರು ಚೀಲ ಹೊತ್ತುಕೊಂಡು ಸಾಲು ನಿಂತಿರುತ್ತಾರೆ. ಆದರೆ ಖರೆ ಕಾರಣ ಅದಲ್ಲ. 'ಮರಾಠಿ ಸರಿಯಾಗಿ ತಿಳಿಯದ' ಎಂದು ಬರೆಸಿದ್ದೀಯಲ್ಲ, ಅದಕ್ಕೆ ಸಹಿ ಹಾಕುವ ಕೈ ನನಗಿಲ್ಲ. ಕೊಲ್ಹಾಪುರದ ಕೋರ್ಟಿನಲ್ಲಿ ನಾಳೆ ಯಾರಾದರೂ ಅದನ್ನು ಗಟ್ಟಿಯಾಗಿ ಓದಿದರೆ ನನ್ನ ಹೆಸರೇನಾಗಬೇಕು? ಬೇರೆ ಶಬ್ದ ಹುಡುಕಲು ನಿನ್ನ ತಾಯಿಗೆ ಹೇಳು. ತಾಯಿ ಎಂದರೆ ವಕೀಲೆ; ಮರಾಠಿಯವರು ಅಕ್ಕನನ್ನು ಹಾಗೆ ಕರೆಯುತ್ತಾರೆ.

ನಾನು ಸುಮ್ಮನೆ ಕೂತಿಲ್ಲ. ಹೊಸ ಕ್ಯಾಲೆಂಡರಿನ ಮೊದಲ ಗುರುವಾರ ಶೇಂಗಾ ಉಂಡಿ ಕಟ್ಟಿಸಿಕೊಂಡು ದತ್ತವಾಡಕ್ಕೆ ಹೋದೆ. ಪಾರುಬಾಯಿ ಅಂಗಳದಲ್ಲಿ ಕೌದಿ ಹೊಲಿಯುತ್ತಿದ್ದಳು. ಸೂಜಿಯಿಂದ ಕಣ್ಣೆತ್ತದೆ ಕೇಳಿದಳು, "ಯಾರ್ರಿ ನೀವು?"

ಗೊತ್ತಿದ್ದೂ ಕೇಳಿದಳು. ನಗಿಸೋಣವೆಂದು, "ಹುಡುಗಿ ಅಪ್ಪ. ಬೇಕಾದ್ರ ಕಾಗದ ನೋಡ್ರಿ," ಎಂದೆ.

"ಕಾಗದ ನನ್ನ ಕಡೀನೂ ಐತಿ. ಲಗ್ನಕ್ಕ, ಮನಿ ವಡೀಲರು ಬಂದು ಕೂಡ್ರಿ, ಹುಡುಗಿ ಕೊಡ್ತೀನಿ ಅಂತ ಮೂರು ಸಲ ಹೇಳಿ ಕಳಿಸಿದ್ನಿ. ಆಗ ನಿಮಗ ಟೊಂಕ ಹಿಡದಿತ್ತು. ನಮ್ಮ ಮನಿ ನೀರು ಕುಡೀಬೇಕಾಗ್ತದಲ್ಲ, ಆ ನೋವು. ಈ ವಡೀಲಕಿ ಆಗ ಎಲ್ಲಿಟ್ಟಿದ್ರಿ?"

"ಟೊಂಕ ಖರೇನ ನೋಯಾಕತ್ತಿತ್ತು."

"ಈಗ ಹ್ಯಾಂಗೈತಿ?"

"ಈಗ ಆರಾಮ ಐತಿ."

"ಹಂಗಾರ ಕೂಡ್ರಿ. ನೀರು ತರ್ತೀನಿ. ಕುಡೀರಿ, ನೋಡೂಣು."

ಕುಡಿದೆ. ಎರಡು ತಂಬಿಗೆ ಕುಡಿದೆ. ಅವಳು ಎದುರು ನಿಂತು ಗುಟುಕು ಎಣಿಸುವವಳ ಹಾಗೆ ನೋಡಿದಳು. ನೀರು ಚೆನ್ನಾಗಿತ್ತು, ಸ್ವಲ್ಪ ಉಪ್ಪು. ಆದರೆ ಹುಡುಗಿಯನ್ನು ಕೊಡುವ ಮಾತೆತ್ತಿದರೆ, "ಮಗಳ್ನ ಕಳಕೊಂಡೇನಿ, ಚಿಮಣೀನ್ನ ಕಳಕೊಳ್ಳಂಗಿಲ್ಲ," ಎಂದು ಸೂಜಿ ಹಿಡಿದಳು. ಮರಾಠಿಯಲ್ಲಿ ಚಿಮಣಿ ಎಂದರೆ ಗುಬ್ಬಿ. ನಮ್ಮಲ್ಲಿ ಅದು ಎಣ್ಣೆ ದೀಪ ಎಂದು ತಿದ್ದಿದೆ. ಅವಳಿಗೆ ರುಚಿಸಲಿಲ್ಲ.

ಪ್ರಾಜಕ್ತಾ ಅಂಗನವಾಡಿಗೆ ಹೋಗಿದ್ದಳು. ಅಲ್ಲಿಗೇ ಹೋದೆ. ಕಲಿಸುವ ಬಾಯಿಯವರು ಹಾಜರಿ ಕರೆಯುತ್ತಿದ್ದರು. ಕಿಟಕಿಯ ಹೊರಗೆ ನಿಂತಿದ್ದೆ. 'ಪ್ರಾಜಕ್ತಾ ಅಲ್ಲಪ್ಪ ಚೌಗುಲೆ' ಎಂದರು. ಅವಳು ಕೈಯೆತ್ತಿ 'ಹಜರ್' ಎಂದಳು. ಪ್ರಥಮೇಶಾ, ಏನೆಂದು ಬರೆಯಲಿ? ಮಧ್ಯಾಹ್ನ ಖಿಚಡಿ ಬಡಿಸುವ ಮುಂದೆ ಮತ್ತೊಮ್ಮೆ ಕರೆಯುತ್ತಾರೆಂದು ಒಬ್ಬ ಹುಡುಗಿ ಹೇಳಿದಳು. ಅಷ್ಟೊತ್ತು ಬೇವಿನ ಗಿಡದ ಕೆಳಗೆ ಕೂತು, ಎರಡನೆಯ ಸಲವೂ ಕೇಳಿ ಬಂದೆ.

ನನ್ನನ್ನು ಕಂಡು ಓಡಿ ಬಂದಳು. 'ಅಜ್ಜಾ' ಎಂದು ಕಾಲು ಹಿಡಿದುಕೊಂಡಳು. ಆಮೇಲೆ ನನ್ನ ಬೆನ್ನ ಹಿಂದೆ ಬಗ್ಗಿ ನೋಡಿ ಕೇಳಿದಳು, "ಪಪ್ಪಾ ಎಲ್ಲ್ಯಾನ?" ಉಂಡಿ ಕೊಟ್ಟೆ. ಒಂದು ತಿಂದು ಮತ್ತೆ ಅದನ್ನೇ ಕೇಳಿದಳು. ನೂರಾ ಹತ್ತು ಕಿಲೋಮೀಟರು ಬಸ್ಸಿನಲ್ಲಿ ಬಂದವ ಯಾರು, ಅವಳು ಕೇಳಿದ್ದು ಯಾರನ್ನು? ಹೊಸ ಚಪ್ಪಲಿ ಹಾಕಿಕೊಂಡಿದ್ದಳು, ನಿನಗೆ ತಿಳಿದಿರಲಿ. ಇದನ್ನು ಬರೆಯುವ ಮನಸ್ಸಿರಲಿಲ್ಲ.

ಗಿರಣಿಯ ಎರಡನೇ ಯಂತ್ರವನ್ನು ರಿಪೇರಿಗೆಂದು ಕೊಲ್ಹಾಪುರಕ್ಕೆ ಕಳಿಸಿದ್ದೇನೆ. ಕಾಕು ಕೇಳಿದರೆ ನಿನಗೂ ಅಷ್ಟೇ ಗೊತ್ತು.

ಕಾಕಾ ಅಲ್ಲಪ್ಪ


ಕಬನೂರ
20 ಫೆಬ್ರುವರಿ 2025

ಅಲ್ಲಪ್ಪ ಚೌಗುಲೆ ಅವರಿಗೆ,

ಕಾಕು ನಿಮ್ಮ ಟ್ರಂಕು ತೆಗೆದು ಆ ದಾಖಲೆ ಹುಡುಕಿದಳು, ನನಗೆ ಅಸಲು ಕಳಿಸೋಣವೆಂದು. ಅದರ ಕೆಳಗೆ ಒಂದು ಸ್ಟ್ಯಾಂಪ್ ಪೇಪರಿನ ಝೆರಾಕ್ಸು ಸಿಕ್ಕಿತು. 'ನಾನು ಅಲ್ಲಪ್ಪ ಬಸಲಿಂಗ ಚೌಗುಲೆ, ಕುಮಾರಿ ಪ್ರಾಜಕ್ತಾಳ ತಂದೆ, ಮಗುವಿನ ತಾಬೆ ನನಗೇ ಸಿಗಬೇಕೆಂದು ವಿನಂತಿ.' ಕೆಳಗೆ ನಿಮ್ಮ ಸಹಿ, ಪಕ್ಕದಲ್ಲಿ ಭಾವುಸಾಹೇಬ ಎಂಬ ಏಜಂಟನ ಫೋನ್ ನಂಬರು. ತಾರೀಖು ಡಿಸೆಂಬರ್ 16.

ನಾನು ಆ ದಿನ ಹನ್ನೊಂದರಿಂದ ನಾಲ್ಕರ ತನಕ ಉಜ್ವಲಾತಾಯಿಯವರ ಆಫೀಸಿನ ಮೆಟ್ಟಿಲ ಮೇಲೆ ನಿಮ್ಮ ದಾರಿ ನೋಡುತ್ತಿದ್ದೆ. ನೀವು ಕೊಲ್ಹಾಪುರದಲ್ಲೇ ಇದ್ದಿರಿ.

ಕಾಕು ನಿನ್ನೆ ತನ್ನ ಚೀಲ ತಗೊಂಡು ಇಲ್ಲಿಗೆ ಬಂದಿದ್ದಾಳೆ. ನಾನು ಕರೆದಿಲ್ಲ. ಕಳಿಸುವುದೂ ಇಲ್ಲ.

ಪ್ರತಿಜ್ಞಾಪತ್ರ ಬೇಡ. ಕೋರ್ಟೇ ನಿಮಗೆ ಸಾಕ್ಷಿಯೆಂದು ಸಮನ್ಸು ಕಳಿಸುತ್ತದೆ. ಆಗ ಬಂದು ಏನು ಬೇಕಾದರೂ ಹೇಳಿ. ಅಲ್ಲಿಯ ತನಕ ದತ್ತವಾಡದ ಕಿಟಕಿಗೆ ಹೋಗಬೇಡಿ. ಅವಳು ನನ್ನ ಮಗಳು. ಹಾಜರಿಯಲ್ಲಿ ನಿಮ್ಮ ಹೆಸರು ಕೇಳಿ ಬಂದದ್ದನ್ನು ನೀವು ಬರೆದಿರಿ. ಅದನ್ನು ಓದಿದ ದಿನ ನಾನು ಮಗ್ಗಕ್ಕೆ ತಪ್ಪು ಎಳೆ ಹಾಕಿ ಅರ್ಧ ಥಾನು ಬಟ್ಟೆ ಕೆಡಿಸಿದೆ. ನಾನು ಆ ಕಿಟಕಿಯ ಹೊರಗೆ ನಿಂತರೂ ನನ್ನ ಹೆಸರು ಕೇಳಿಸುವುದಿಲ್ಲ.

ಪ್ರಥಮೇಶ ಸುಕುಮಾರ ಚೌಗುಲೆ


ಗಡಹಿಂಗ್ಲಜ
3 ಮಾರ್ಚ್ 2025

ಪ್ರಥಮೇಶನಿಗೆ,

ಪೂರ್ತಿ ಹೆಸರಿನ ಸಹಿ ಹಾಕಿದ್ದೀ. ಬೇಕೆಂದೇ ಹಾಕಿದ್ದೀ. ಹೊಡೆಯುವ ಜಾಗ ನಿನಗೆ ಗೊತ್ತು.

ಮೊದಲು ಭಾವುಸಾಹೇಬನ ವಿಷಯ. ಕೋರ್ಟಿನ ಹೊರಗೆ ಚಹದ ಗಾಡಿಯ ಹತ್ತಿರ ಸಿಕ್ಕ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕಿಸೆಯಲ್ಲಿ ನಾಲ್ಕು ಪೆನ್ನು. "ಕಾಕಾ, ಕಾಗದಾವರ ಬಾಪ ತುಮ್ಹೀಚ. ಮಗ ಭೀತಿ ಕಶಾಚಿ?" ಎಂದ. ಕಾಗದದ ಮೇಲೆ ಅಪ್ಪ ನೀವೇ, ಹೆದರಿಕೆ ಯಾಕೆ ಎಂದು. ನಾನು ಹೆದರುವವನೇ ಅಲ್ಲ ಎಂದೆ. ಇಷ್ಟರಲ್ಲೇ ಅವನಿಗೆ ನನ್ನ ಅಳತೆ ಸಿಕ್ಕಿತು ಎಂದು ಈಗ ಅನಿಸುತ್ತದೆ. ಎರಡು ತಿಂಗಳು, ಅರ್ಜಿ ಒಳಗೆ ಹೋಗಿದೆ, ನಂಬರು ಬಿದ್ದಿದೆ, ಸಾಹೇಬರು ನೋಡಿದ್ದಾರೆ ಎನ್ನುತ್ತಿದ್ದ. ಹೋದ ವಾರ ಹೋಗಿ ಕೇಳಿದರೆ ಅಂಥ ಅರ್ಜಿಯೇ ಇಲ್ಲ. ಚಹದವನು, "ಅವ ನನಗೂ ಚಹದ ರೊಕ್ಕ ಕೊಡಬೇಕ್ರಿ," ಎಂದ. ಹೋದದ್ದು ಎರಡು ಮೂರು ಸಾವಿರ. ದೊಡ್ಡ ಮಾತಲ್ಲ.

ಹುಡುಗಿಯನ್ನು ನಿನ್ನಿಂದ ಕಸಿಯುವ ವಿಚಾರ ನನಗಿರಲಿಲ್ಲ ಎಂದು ಬರೆಯಬೇಕೆಂದು ಕೂತೆ. ಬರೆದೆ. ಹೊಡೆದು ಹಾಕಿದೆ. ಆ ಹೊಡೆದ ಸಾಲು ನಿನಗೆ ಕಾಣಬಾರದೆಂದು ಬೇರೆ ಹಾಳೆ ತಗೊಂಡಿದ್ದೇನೆ.

ನಿನ್ನ ಅಪ್ಪ, ನನ್ನ ಅಣ್ಣ ಸುಕುಮಾರ, ಹೋದಾಗ ನಿನಗೆ ಎಂಟು ವರ್ಷ. ಬೇರೆ ಶಾಲೆಗೆ ಹೆಸರು ಹಚ್ಚಲು ನಾನೇ ಕರಕೊಂಡು ಹೋದೆ. ಗುರುಗಳು ಪೂರ್ತಿ ಹೆಸರು ಹೇಳು ಎಂದರು. ನೀನು ನನ್ನ ಬೆರಳು ಹಿಡಿದುಕೊಂಡೇ 'ಪ್ರಥಮೇಶ ಸುಕುಮಾರ ಚೌಗುಲೆ' ಎಂದೆ. ಸರಿಯಾಗಿಯೇ ಹೇಳಿದೆ. ಈ ಕಡೆ ಎಲ್ಲರ ಹೆಸರಿನ ನಡುವೆಯೂ ಅಪ್ಪ ಕೂತಿರುತ್ತಾನೆ. ಆದರೆ ಆಮೇಲೆ ಹತ್ತನೆಯ ಗುಣಪತ್ರಿಕೆ ಬಂತು, ಗಾಡಿಯ ಲೈಸೆನ್ಸು ಬಂತು, ಬ್ಯಾಂಕಿನ ಪುಸ್ತಕ ಬಂತು. ಫೀ ಕಟ್ಟಿದವ ನಾನು, ಜ್ವರ ಬಂದಾಗ ಹೊತ್ತುಕೊಂಡು ಓಡಿದವ ನಾನು, ಪ್ರತಿ ಕಾಗದದ ನಡುವೆ ಅಣ್ಣ. ಅವನು ಹೋಗಿ ಇಪ್ಪತ್ತೆರಡು ವರ್ಷವಾಯಿತು. ಕೂತ ಜಾಗ ಬಿಟ್ಟು ಏಳಲಿಲ್ಲ. ಸತ್ತ ಮನುಷ್ಯನ ಮೇಲೆ ಹೊಟ್ಟೆಕಿಚ್ಚು ಪಡುವವನನ್ನು ನೀನು ನೋಡಿದ್ದೀಯಾ? ಗಡಹಿಂಗ್ಲಜಕ್ಕೆ ಬಾ, ತೋರಿಸುತ್ತೇನೆ.

ಪತ್ರ ಬರೆದರೂ ನೀನು 'ತೀರ್ಥರೂಪ ಸಮಾನ' ಎಂದು ಬರೆಯುತ್ತಿದ್ದೆ. ಅಪ್ಪನಿಗೆ ಬರೆಯುವವರು ಬರಿ ತೀರ್ಥರೂಪ ಎನ್ನುತ್ತಾರೆ. ನನಗೆ ಆ 'ಸಮಾನ'ದ ಬಾಲ. ಅದನ್ನು ಓದುವಾಗೆಲ್ಲ ಹಲ್ಲಿನಲ್ಲಿ ಹರಳು ಸಿಕ್ಕ ಹಾಗಾಗುತ್ತಿತ್ತು. ಈ ಸಲ ನೀನು ಅದನ್ನೂ ಬರೆದಿಲ್ಲ. ಈಗ ಬಾಯಿ ಪೂರಾ ಖಾಲಿ.

ನಿನ್ನ ಕಾಕು ಹೋದ ಮೇಲೆ ನಾನೇ ರೊಟ್ಟಿ ಬಡಿಯುತ್ತೇನೆ. ಚಂದಗಡದ ತನಕ ಹುಡುಕಿದರೂ ಇಂಥ ರೊಟ್ಟಿ ಸಿಗಲಿಕ್ಕಿಲ್ಲ. ಅವಳು ನಿನಗೆ ಬದನೆಕಾಯಿ ಎಣಗಾಯಿ ಮಾಡಿ ಹಾಕುತ್ತಿರಬೇಕು. ತಿನ್ನು.

ಡಿಎನ್‌ಎ ತಪಾಸಣೆಯಲ್ಲಿ ನನ್ನ ರಕ್ತ ಕೊಟ್ಟರೂ ಹತ್ತಿರ ಹತ್ತಿರ ಬಂದೀತು, ಮನೆತನ ಒಂದೇ. ಇದನ್ನು ಸುಮ್ಮನೆ ಬರೆದೆ.

ಅಲ್ಲಪ್ಪ


ಗಡಹಿಂಗ್ಲಜ
23 ಆಗಸ್ಟ್ 2025

ಚಿ. ಪ್ರಥಮೇಶನಿಗೆ,

ಐದು ತಿಂಗಳು ನೀನೂ ಬರೆಯಲಿಲ್ಲ, ನಾನೂ ಬರೆಯಲಿಲ್ಲ. ಜುಲೈಯಲ್ಲಿ ತಪಾಸಣೆಯ ವರದಿ ಬಂದದ್ದು, ಹುಡುಗಿ ನಿನ್ನವಳೇ ಎಂದು ಬರೆದದ್ದು ಗೌರವ್ವ ಫೋನಿನಲ್ಲಿ ಹೇಳಿದಳು. ಹೇಳಿ ಇಟ್ಟುಬಿಟ್ಟಳು. ಎಣಗಾಯಿಗೆ ಎಷ್ಟು ಎಳ್ಳು ಹಾಕಬೇಕು ಎಂದು ಕೇಳುವವನಿದ್ದೆ.

ನಿನ್ನೆಯ ಕೋರ್ಟಿನ ವಿಷಯ ಬರೆಯುತ್ತೇನೆ. ನೀನು ಅಲ್ಲೇ ಇದ್ದೆ, ಖರೆ. ಆದರೆ ನನ್ನ ಸಾಕ್ಷಿ ಮುಗಿಯುವ ತನಕ ತಲೆ ತಗ್ಗಿಸಿ ನಿನ್ನ ಬೂಟು ನೋಡುತ್ತ ಕೂತಿದ್ದೆ. ಹೊರಗೆ ನಡೆದದ್ದಂತೂ ನಿನಗೆ ಗೊತ್ತೇ ಇಲ್ಲ.

ಕರೆಯುವ ಮೊದಲು ಉಜ್ವಲಾತಾಯಿ ಬಂದು, "ಕಾಕಾ, ನೀವ ಪತ್ರದಾಗ ಬರದಂಗ, ಶಬ್ದ ತಿಳೀಲಾರದ ನನ್ನ ಹೆಸರು ಹೇಳಿದ್ನಿ ಅಂತ ಹೇಳ್ರಿ. ಸಾಕು," ಎಂದಿದ್ದಳು. ಪಾಪ, ನನ್ನ ಮೊದಲ ಪತ್ರವನ್ನು ನಂಬಿದ್ದಳು. ನಾನೂ ಹೂಂ ಎಂದಿದ್ದೆ. ನಿನಗೆ ಹುಡುಗಿ ಸಿಗಬೇಕು, ನನ್ನ ಮರಾಠಿಯ ಮಾನ ಹೋದರೆ ಹೋಗಲಿ ಎಂದು ಬಸ್ಸಿನಲ್ಲೇ ಗಟ್ಟಿ ಮಾಡಿಕೊಂಡು ಬಂದಿದ್ದೆ. ಇದೇ ದೊಡ್ಡ ತ್ಯಾಗ ಎಂದು ಎದೆ ಉಬ್ಬಿಸಿಕೊಂಡು ಕೂತಿದ್ದೆ.

ವರಾಂಡದಲ್ಲಿ ಬಾಕಿನ ಆ ತುದಿಗೆ ಪಾರುಬಾಯಿ, ಅವಳ ತೊಡೆಗೆ ಒರಗಿ ಪ್ರಾಜಕ್ತಾ. ನ್ಯಾಯಾಧೀಶರು ಮಗುವನ್ನು ಮಾತಾಡಿಸಬೇಕೆಂದು ಕರೆತರಲು ಹೇಳಿದ್ದರಂತೆ. ಸಿಪಾಯಿ ಬಾಗಿಲಿಗೆ ಬಂದು ನನ್ನನ್ನು ಕೂಗಿದ, "ಅಲ್ಲಪ್ಪ... ಚೌಗುಲೆ."

ನಾನು ಏಳುವುದರೊಳಗೆ ಹುಡುಗಿ ಎದ್ದು ನಿಂತು ಕೈ ಮೇಲೆತ್ತಿ, "ಹಜರ್," ಎಂದಳು.

ಕೂತವರೆಲ್ಲ ನಕ್ಕರು. ಸಿಪಾಯಿಯೂ ನಕ್ಕ. "ತೂ ಅಲ್ಲಪ್ಪಾ ಕಾಯ ಗ?" ಎಂದು ಕೇಳಿದ, ನೀನು ಅಲ್ಲಪ್ಪನೇನೇ ಎಂದು.

ಅವಳು ನಗಲಿಲ್ಲ. "ನನ್ನ ಹೆಸರಿನಾಗ ಐತಿ," ಎಂದಳು.

"ಯಾರ ಹೆಸರದು?" ನಾನೇ ಕೇಳಿದೆ. ಯಾಕೆ ಕೇಳಿದೆನೋ. ಅಜ್ಜನದು ಎನ್ನುತ್ತಾಳೆ, ಎಲ್ಲರೂ ಕೇಳಲಿ ಎಂದು ಕೇಳಿರಬೇಕು.

ನನ್ನನ್ನೇ ನೋಡಿ, ಸ್ವಲ್ಪ ವಿಚಾರ ಮಾಡಿ ಹೇಳಿದಳು, "ಯಾರದೋ ಗೊತ್ತಿಲ್ಲಜ್ಜಾ. ಶಾಳ್ಯಾಗ ಹಚ್ಯಾರ."

ಪ್ರಥಮೇಶಾ, ಐದು ವರ್ಷದಿಂದ ಆ ಕೂಸಿನ ಹೆಸರಿನ ನಡುವೆ ಕೂತಿದ್ದೇನೆ. ಕೂತವನು ಯಾರೆಂದು ಅವಳಿಗೆ ಗೊತ್ತಿಲ್ಲ. ಅಣ್ಣ ಸತ್ತರೂ ನೀನು ಅವನ ಹೆಸರು ಹೇಳುವಾಗ ಧ್ವನಿ ಬದಲಾಗುತ್ತಿತ್ತು. ಅದನ್ನು ನಾನು ಅಷ್ಟು ವರ್ಷ ಕೇಳಿದ್ದೇನೆ. ಇವಳು ಅಲ್ಲಪ್ಪ ಎಂದದ್ದು ಬಸ್ಸಿನ ಬೋರ್ಡು ಓದಿದ ಹಾಗೆ.

ಒಳಗೆ ನಡೆದದ್ದು ನಿನಗೆ ಗೊತ್ತು. ಪಾರುಬಾಯಿಯ ವಕೀಲ ಮರಾಠಿ ಬರುತ್ತದೆಯೇ ಎಂದ. ಬರುತ್ತದೆ ಎಂದೆ. ನಿನ್ನ ಉಜ್ವಲಾತಾಯಿ ತಲೆ ಎತ್ತಿ ನೋಡಿದಳು. ಆಮೇಲೆ ನ್ಯಾಯಾಧೀಶರೇ ಕೇಳಿದರು, ಆ ದಿನ ವಡೀಲ ಎಂದಾಗ ನೀವು ಏನು ತಿಳಿದಿರಿ? ನಾನು ಹೇಳಿದೆ, "ವಡೀಲ ಮ್ಹಣಜೆ ಬಾಪ, ಸಾಹೇಬ. ಮಲಾ ಠಾವುಕ ಹೋತಂ." ಅಪ್ಪನೆಂದೇ ಗೊತ್ತಿತ್ತು, ಗೊತ್ತಿದ್ದೇ ಹೇಳಿದೆ. ಯಾಕೆ ಎಂದರು. ನಾನು ಮಗನಂತೆ ಸಾಕಿದವನಿಗೆ ಮಗಳು ಹುಟ್ಟಿದಳು, ನನಗೆ ಯಾರೂ ಹುಟ್ಟಲಿಲ್ಲ, ಹೊಟ್ಟೆಕಿಚ್ಚಾಯಿತು ಎಂದೆ. ಹೊಟ್ಟೆಕಿಚ್ಚಿಗೆ ಮರಾಠಿಯಲ್ಲಿ ನಾಲ್ಕು ಶಬ್ದಗಳಿವೆ, ಆ ಹೊತ್ತಿನಲ್ಲಿ ಒಂದೂ ಬರಲಿಲ್ಲ. ಕನ್ನಡದಲ್ಲೇ ಹೇಳಿದೆ. ಸರಕಾರಿ ದಾಖಲೆಯಲ್ಲಿ ಸುಳ್ಳು ಬರೆಸುವುದು ಅಪರಾಧ ಎಂದು ಅವರು ಗದರಿಸಿದ್ದು ನಿನಗೂ ಕೇಳಿಸಿತು. ನೀನು ಆಗಲೂ ಬೂಟನ್ನೇ ನೋಡುತ್ತಿದ್ದೆ.

ಹೊರಗೆ ಬಂದಾಗ ಪಾರುಬಾಯಿ ನೀರಿನ ಬಾಟಲಿ ಮುಂದೆ ಹಿಡಿದಳು. "ಕುಡೀರಿ. ಈಗ ವಡೀಲ ಆದ್ರಿ," ಎಂದಳು. ಹೊಗಳಿದಳೋ ಚುಚ್ಚಿದಳೋ ಬಸ್ಸು ಇಳಿಯುವ ತನಕ ವಿಚಾರ ಮಾಡಿದೆ.

ಅಲ್ಲಪ್ಪ


ಕಬನೂರ
30 ಅಕ್ಟೋಬರ್ 2025

ತೀರ್ಥರೂಪ ಸಮಾನ ಅಲ್ಲಪ್ಪ ಕಾಕಾ ಅವರಿಗೆ ನಮಸ್ಕಾರ.

ಆದೇಶ ಬಂತು. ನಾನು ತಂದೆ ಎಂದು ಕೋರ್ಟು ಬರೆದಿದೆ. ದೀಪಾವಳಿಯ ಪಾಡ್ಯದಿಂದ ಪ್ರಾಜಕ್ತಾ ನನ್ನ ಹತ್ತಿರ ಇದ್ದಾಳೆ. ತಿಂಗಳಿಗೆ ಎರಡು ಶನಿವಾರ ರವಿವಾರ ದತ್ತವಾಡಕ್ಕೆ ಹೋಗುತ್ತಾಳೆ. ಅದನ್ನು ಕೋರ್ಟು ಹೇಳುವ ಮೊದಲೇ ನಾನು ಬರೆದು ಕೊಟ್ಟಿದ್ದೆ. ಬಿಡುವಾಗ ಪಾರುಬಾಯಿ ಅಳಲಿಲ್ಲ. ಹೊಲಿದ ಕೌದಿ ಕೊಟ್ಟಳು. ಅದರಲ್ಲಿ ಮೋನಾಲಿಯ ಎರಡು ಸೀರೆಗಳಿವೆ. ಹುಡುಗಿಗೆ ಗೊತ್ತಿಲ್ಲ, ಅದನ್ನೇ ಹೊದೆಯುತ್ತಾಳೆ.

ಜನನ ದಾಖಲೆಯೂ ತಿದ್ದಿ ಬಂದಿದೆ. 'ಪ್ರಾಜಕ್ತಾ ಪ್ರಥಮೇಶ ಚೌಗುಲೆ' ಎಂದು ಕಲಿಸುತ್ತಿದ್ದೇನೆ. ಮೊದಲ ದಿನ ಹಳೆಯದನ್ನೇ ಹೇಳಿದಳು. ತಿದ್ದಿದೆ. ಆಗ ಕೇಳಿದಳು, "ಹಂಗಾರ ಅಲ್ಲಪ್ಪ ಎಲ್ಲಿ ಹ್ವಾದ?"

"ಗಡಹಿಂಗ್ಲಜದಾಗ ಅದಾನ. ಅವ್ನ ನಿನ್ನ ಅಜ್ಜ," ಎಂದೆ.

"ಅಜ್ಜಗ ಹೆಸರೂ ಐತೇನು?" ಎಂದಳು. ಆವತ್ತು ಸಂಜೆಯ ತನಕ ಅಲ್ಲಪ್ಪಜ್ಜ, ಅಲ್ಲಪ್ಪಜ್ಜ ಎನ್ನುತ್ತ ತಿರುಗಿದಳು.

ಕೋರ್ಟಿನಲ್ಲಿ ನಾನು ತಲೆ ಎತ್ತಲಿಲ್ಲ. ಎತ್ತಿದ್ದರೆ ನಿಮ್ಮನ್ನು ಕ್ಷಮಿಸಬೇಕಾಗುತ್ತಿತ್ತು. ಆಗ ಆಗುತ್ತಿರಲಿಲ್ಲ.

ಕಾಕು ಹೇಳಿದಳು, ಗಿರಣಿಯ ಎರಡನೇ ಯಂತ್ರ ರಿಪೇರಿಗೆ ಹೋಗಿ ಹತ್ತು ತಿಂಗಳಾಯಿತೆಂದು. ಒಂದೇ ಪ್ರಶ್ನೆ ಕೇಳುತ್ತೇನೆ. ನನ್ನ ಮಗಳನ್ನು ನನ್ನಿಂದ ತಗೊಳ್ಳಲು ಆ ಭಾವುಸಾಹೇಬನಿಗೆ ಎಷ್ಟು ಕೊಟ್ಟಿರಿ? ತಿರುಗಿ ಬರುವುದಿಲ್ಲ, ಗೊತ್ತಿದೆ. ನನಗೆ ಅಂಕಿ ಬೇಕು. ನನ್ನ ಮೇಲೆ ನಿಮಗೆ ಕಿಚ್ಚು ಎಷ್ಟಿತ್ತು ಎಂದು ತಿಳಿಯಬೇಕು.

ಖರೆ ಅಂಕಿ ಬಂದ ಮುಂದಿನ ರವಿವಾರ ಪ್ರಾಜಕ್ತಾಳನ್ನೂ ಕಾಕುನನ್ನೂ ಕರಕೊಂಡು ಬರುತ್ತೇನೆ. ಸುಳ್ಳು ಬರೆದರೆ ಗೊತ್ತಾಗುತ್ತದೆ. ನಿಮ್ಮ ಸುಳ್ಳು ಅಂಕಿಗಳಿಗೆ ಚಿಲ್ಲರೆ ಇರುವುದಿಲ್ಲ.

ಪ್ರಥಮೇಶ


ಗಡಹಿಂಗ್ಲಜ
5 ನವೆಂಬರ್ 2025

ಚಿ. ಪ್ರಥಮೇಶನಿಗೂ ನಮ್ಮ ಚಿ. ಪ್ರಾಜಕ್ತಾಳಿಗೂ ಅಲ್ಲಪ್ಪಜ್ಜನ ಆಶೀರ್ವಾದ.

ನಿನ್ನ ಪತ್ರವನ್ನು ಗಿರಾಕಿಗಳ ಮುಂದೆ ಓದಿದೆ. ಎಲ್ಲವನ್ನೂ ಅಲ್ಲ. 'ಅಲ್ಲಪ್ಪಜ್ಜ' ಎಂಬ ಸಾಲಿನ ತನಕ. ಒಬ್ಬ ಹೆಂಗಸು, "ಖಾರದಿಂದ ಕಣ್ಣಾಗ ನೀರು ಬಂದುವೇನ್ರಿ ಕಾಕಾ?" ಎಂದಳು. ಖಾರವೇ, ಎಂದೆ. ಯಂತ್ರ ಆಗ ನಿಂತಿತ್ತು, ಅವಳಿಗೂ ಗೊತ್ತಿತ್ತು. 

ರವಿವಾರಕ್ಕೆ ಎಲ್ಲ ತಯಾರಿ ನಡೆದಿದೆ. ತೊಟ್ಟಿಲ ಹಗ್ಗ ಹುಡುಕಿ ತೊಲೆಗೆ ಜೋಕಾಲಿ ಕಟ್ಟಿದ್ದೇನೆ. ನಾನೇ ಕೂತು ನೋಡಿದೆ, ತಡೆಯುತ್ತದೆ. ಗೌರವ್ವನಿಗೆ ಹೇಳು, ಎಣಗಾಯಿ ಕಲಿತಿದ್ದೇನೆ. ಅವಳದಕ್ಕಿಂತ ಚೆನ್ನಾಗಿದೆ ಎಂದು ಓಣಿಯವರು ಹೇಳುತ್ತಾರೆ, ನಾನು ಹೇಳುವುದಿಲ್ಲ. ಅವಳ ಚೀಲವನ್ನು ಮರೆಯದೆ ತಾ. ಪಾರುಬಾಯಿಗೂ ಒಂದು ಮಾತು ಕೇಳು, ಬರುವುದಾದರೆ ಬರಲಿ. ನಮ್ಮ ಮನೆಯ ನೀರು ಅವಳ ಮನೆಯದಕ್ಕಿಂತ ಸಿಹಿ.

ಹುಡುಗಿಗೆ ಹೆಸರು ಸರಿಯಾಗಿ ಕಲಿಸು. ನಡುವೆ ನೀನೇ ಇರು. ನಿನ್ನ ಜಾಗ ನೋಡಿ ನನಗೆ ಈಗಲೂ ಕಿಚ್ಚಾಗುವುದಿಲ್ಲ ಎಂದರೆ ಅದೂ ಸುಳ್ಳಾದೀತು. ಆದರೆ 'ಸಮಾನ' ತಿರುಗಿ ಬಂದದ್ದು ನೋಡಿದೆ. ಈ ಸಲ ಹಲ್ಲಿಗೆ ಹತ್ತಲಿಲ್ಲ.

ನಿನ್ನ ಪ್ರಶ್ನೆಯನ್ನೂ ಓದಿದೆ. ಅಂಥ ದೊಡ್ಡ ಮೊತ್ತವೇನಲ್ಲ. ಬಂದಾಗ ಮಾತಾಡೋಣ.

ನಿಮ್ಮ ದಾರಿ ನೋಡುವ,
ಅಲ್ಲಪ್ಪ ಬಸಲಿಂಗ ಚೌಗುಲೆ

ತಾ. ಕ. : ಲಕೋಟೆ ಅಂಟಿಸಿ ಅಂಚೆ ಪೆಟ್ಟಿಗೆಯ ತನಕ ಹೋಗಿದ್ದೆ. ತಿರುಗಿ ಬಂದು ಹರಿದು ಇದನ್ನು ಬರೆಯುತ್ತಿದ್ದೇನೆ. ಹತ್ತು ಸಾವಿರ ಎಂದು ಬರೆದು ಹೊಡೆದೆ, ನಲವತ್ತು ಎಂದು ಬರೆದು ಹೊಡೆದೆ, ಕೆಳಗೆ ಗುರುತು ಕಾಣುತ್ತದೆ. ಎರಡನೇ ಯಂತ್ರ ರಿಪೇರಿಗೆ ಹೋಗಿಲ್ಲ, ಅದೇ ಡಿಸೆಂಬರಿನಲ್ಲಿ ಮಾರಿದೆ. ಅದು ಸಾಲದೆ ನಿನ್ನ ಲಗ್ನಕ್ಕೆಂದು ಇಟ್ಟದ್ದನ್ನೂ ಬ್ಯಾಂಕಿನಿಂದ ತೆಗೆದೆ. ನಾನು ಹೋಗದೆ ನಿಂತುಹೋದ ಆ ಲಗ್ನಕ್ಕೆ. ಎಲ್ಲ ಸೇರಿ ಒಂದು ಲಕ್ಷದ ನಲವತ್ತೆರಡು ಸಾವಿರದ ಮುನ್ನೂರಾ ಅರವತ್ತು ರೂಪಾಯಿ.